ರಾಗಿ ಕಾಳು ಎಣಿಸುವ ಮ್ಯಾಕ್ರೋ: ಇಮೇಜ್‌ಜೆಯಲ್ಲಿ ಕೈ ಹಿಡಿಯುವ ಕಮಾಂಡ್‌ಗಳು

ಸ್ಕ್ಯಾನರ್ ಗಾಜಿನ ಮೇಲೆ ಒಂದು ಚಿಟಿಕೆ ರಾಗಿ ಹರಡಿ, ಮೇಲೆ ಬಿಳಿ ಹಾಳೆ ಮುಚ್ಚಿ ಸ್ಕ್ಯಾನ್ ಮಾಡಿದರೆ ಬಿಳಿ ಬಯಲಿನಲ್ಲಿ ಕೆಂಪು-ಕಂದು ಚುಕ್ಕೆಗಳು ಕಾಣುತ್ತವೆ. ಅವು ಎಷ್ಟಿವೆ, ಒಂದೊಂದರ ಗಾತ್ರ ಎಷ್ಟು ಅಂತ ನನಗೆ ಬೇಕಿತ್ತು. ಒಂದೇ ಚಿತ್ರವಾಗಿದ್ದರೆ ಚಿತ್ರ ಅಳೆಯುವ ಇಮೇಜ್‌ಜೆ ತಂತ್ರಾಂಶ ತೆರೆದು, ಮೆನು ಒತ್ತುತ್ತಾ ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ಆದರೆ ಇದ್ದದ್ದು 96 ಚಿತ್ರ. ನಲವತ್ತನೆಯದರ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಧೂಳಿನ ಚುಕ್ಕೆ ತೆಗೆಯುವ ಮೀಡಿಯನ್ ಫಿಲ್ಟರಿಗೆ 2 ಕೊಡುತ್ತಿದ್ದೆನೋ 3 ಕೊಡುತ್ತಿದ್ದೆನೋ, ನೆನಪಿಗೇ ಬರಲಿಲ್ಲ. ಅಷ್ಟನ್ನೂ ಬಿಟ್ಟು ಮೊದಲಿನಿಂದ ಶುರು ಮಾಡಿದೆ, ಈ ಸಲ ಮ್ಯಾಕ್ರೋ ಬರೆದು.

ಮ್ಯಾಕ್ರೋ ಅಂದರೆ ನಾವು ಮೌಸ್ ಹಿಡಿದು ಮಾಡುವ ಕೆಲಸವನ್ನೇ ಸಾಲು ಸಾಲಾಗಿ ಬರೆದಿಟ್ಟ ಫೈಲ್. ಕೆಲಸ ಬೇಗ ಮುಗಿಯುತ್ತದೆ, ನಿಜ. ನನಗೆ ಅದಕ್ಕಿಂತ ದೊಡ್ಡದು ಇನ್ನೊಂದು: ಮೊದಲ ಚಿತ್ರಕ್ಕೆ ಮಾಡಿದ್ದನ್ನೇ 96ನೆಯದಕ್ಕೂ ಅದು ಮಾಡುತ್ತದೆ, ಏನು ಮಾಡಿತು ಅಂತ ಯಾರು ಬೇಕಾದರೂ ಓದಿ ನೋಡಬಹುದು. ಆದ್ದರಿಂದ ಈ ಬರಹದಲ್ಲಿ ವೇಗ ಕೊಡುವ ಕಮಾಂಡ್‌ಗಳಿಗಿಂತ, ಉತ್ತರ ತಪ್ಪದಂತೆ ಕಾಯುವ ಕಮಾಂಡ್‌ಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ. ರಾಗಿ ಬದಲು ನಿಮ್ಮಲ್ಲಿ ಜೀವಕೋಶ ಇರಬಹುದು, ಬ್ಯಾಕ್ಟೀರಿಯಾ ಕಾಲನಿ ಇರಬಹುದು. ದಾರಿ ಇದೇ.

ಶುರು ಮಾಡುವ ಮುಂಚೆ

ಇಮೇಜ್‌ಜೆ ಉಚಿತ ತಂತ್ರಾಂಶ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ 1987ರಲ್ಲಿ ಮ್ಯಾಕಿಂಟಾಷ್‌ಗಾಗಿ ಎನ್ಐಎಚ್ ಇಮೇಜ್ ಬರೆದರು. 1997ರಲ್ಲಿ ಅದನ್ನೇ ಜಾವಾದಲ್ಲಿ ಹೊಸದಾಗಿ ಕಟ್ಟಿದಾಗ ಇಮೇಜ್‌ಜೆ ಆಯಿತು. ಬೇಕಾದ ಪ್ಲಗಿನ್‌ಗಳನ್ನೆಲ್ಲ (ಹೆಚ್ಚುವರಿ ಕೆಲಸ ಮಾಡುವ ತುಣುಕು ತಂತ್ರಾಂಶಗಳನ್ನು) ಸೇರಿಸಿ ಕೊಡುವ ಕಟ್ಟಿನ ಹೆಸರು ಫಿಜಿ. ಹೊಸಬರು ಫಿಜಿಯನ್ನೇ ಹಾಕಿಕೊಳ್ಳಿ. ಜಿಪ್ ಬಿಚ್ಚಿದರೆ ಸಾಕು, ಬೇರೆ ಇನ್‌ಸ್ಟಾಲ್ ಬೇಡ. ವಿಂಡೋಸ್‌ನಲ್ಲಿ ಅದನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ, ಅಪ್‌ಡೇಟ್ ಮಾಡುವಾಗ ತಕರಾರು ಬರುತ್ತದೆ. ನಿಮ್ಮದೇ ಡಾಕ್ಯುಮೆಂಟ್ಸ್ ಫೋಲ್ಡರ್ ಒಳ್ಳೆಯದು.

ಚಿತ್ರಗಳನ್ನು ಟಿಫ್ ರೂಪದಲ್ಲಿ ಉಳಿಸಿ. ಜೆಪೆಗ್ ಬೇಡವೇ ಬೇಡ. ಜೆಪೆಗ್ ಜಾಗ ಉಳಿಸಲು ಕಾಳಿನ ಅಂಚನ್ನು ಕಲಸಿಬಿಡುತ್ತದೆ, ನಾವು ಅಳೆಯುವುದು ಆ ಅಂಚನ್ನೇ ಅಲ್ವಾ?

ಇನ್ನೊಂದು ಮಾತು. ಇಲ್ಲಿ ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಗೆಟ್‌ಫೈಲ್‌ಲಿಸ್ಟ್ ಥರದ ಹೆಸರನ್ನು ಜಾಗ ಬಿಡದೆ ಒಟ್ಟಿಗೆ ಬರೆಯಬೇಕು. ಮೊದಲ ಪದ ಸಣ್ಣಕ್ಷರದಲ್ಲಿ, ಮುಂದಿನ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಸ್ಪೆಲ್ಲಿಂಗ್ ಚಿಂತೆ ಬೇಡ. ಮುಕ್ಕಾಲು ಪಾಲು ಹೆಸರುಗಳನ್ನು ಇಮೇಜ್‌ಜೆಯೇ ಬರೆದುಕೊಡುತ್ತದೆ.

ಹಂತ 1: ರೆಕಾರ್ಡರ್ ಬರೆಯಲಿ, ನೀವು ಓದಿ

ಪ್ಲಗಿನ್ಸ್ ಮೆನುವಿನಲ್ಲಿ ಮ್ಯಾಕ್ರೋಸ್, ಅದರೊಳಗೆ ರೆಕಾರ್ಡ್ ಒತ್ತಿ. ಚಿಕ್ಕ ಕಿಟಕಿಯೊಂದು ತೆರೆಯುತ್ತದೆ. ಮೇಲ್ಗಡೆ ಭಾಷೆ ಆರಿಸುವ ಪಟ್ಟಿಯಲ್ಲಿ ಮ್ಯಾಕ್ರೋ ಅಂತಲೇ ಇದೆಯಾ ನೋಡಿ. ಈಗ ಒಂದು ಚಿತ್ರ ತೆರೆದು ಕೈಯಿಂದ ಕೆಲಸ ಮಾಡಿ. ಪ್ರತಿ ಮೆನು ಒತ್ತಿದಾಗಲೂ ಆ ಕಿಟಕಿಯಲ್ಲಿ ಒಂದು ಸಾಲು ಬೀಳುತ್ತದೆ. ಉದಾಹರಣೆಗೆ ಮೀಡಿಯನ್ ಫಿಲ್ಟರ್ ಹಾಕಿದರೆ ಹೀಗೆ ಬರುತ್ತದೆ:

ರನ್("ಮೀಡಿಯನ್...", "ರೇಡಿಯಸ್=2");

ಈ ಒಂದು ಸಾಲನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಮ್ಯಾಕ್ರೋ ಭಾಷೆ ಕಲಿತಂತೆ. ರನ್ ಅಂದರೆ ಮೆನು ಒತ್ತು. ಮೊದಲ ಉದ್ಧರಣ ಚಿಹ್ನೆಯೊಳಗೆ ಇರುವುದು ಮೆನುವಿನ ಹೆಸರು. ಮೆನುವಿನಲ್ಲಿ ಮೂರು ಚುಕ್ಕೆ ಇದ್ದರೆ ಇಲ್ಲೂ ಇರಬೇಕು. ಆ ಚುಕ್ಕೆ ಬಿಟ್ಟರೆ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಎರಡನೇ ಉದ್ಧರಣ ಚಿಹ್ನೆಯೊಳಗೆ ಇರುವುದು ಆ ಮೆನು ಕೇಳುವ ಪ್ರಶ್ನೆಗಳಿಗೆ ಉತ್ತರ. ಸಾಲಿನ ಕೊನೆಗೆ ಅರ್ಧವಿರಾಮ.

ಟಿಕ್ ಹಾಕುವ ಪೆಟ್ಟಿಗೆಗಳ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಅಲ್ಲಿ ಹೌದು-ಇಲ್ಲ ಅಂತ ಬರೆಯುವ ಪದ್ಧತಿ ಇಲ್ಲ. ಪದ ಇದ್ದರೆ ಟಿಕ್ ಇದೆ ಅಂತ ಅರ್ಥ, ಪದ ಇಲ್ಲದಿದ್ದರೆ ಟಿಕ್ ಇಲ್ಲ. ಹಳೆಯ ಪಟ್ಟಿ ಒರೆಸುವ ಕ್ಲಿಯರ್ ಅನ್ನೋ ಒಂದು ಪದ ಅಳಿಸಿಹೋದರೆ ಮ್ಯಾಕ್ರೋ ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಡುತ್ತಾ ಸುಮ್ನೆ ಓಡುತ್ತಿರುತ್ತದೆ. ಇನ್ನು ಉತ್ತರದಲ್ಲಿ ಜಾಗ ಬಿಟ್ಟ ಪದಗಳಿದ್ದರೆ, ಅದನ್ನು ಚೌಕ ಆವರಣದೊಳಗೆ ಹಾಕಬೇಕು. ಫೋಲ್ಡರ್ ಹೆಸರು "ರಾಗಿ ಸ್ಕ್ಯಾನ್" ಅಂತಿದ್ದು ಆವರಣ ಹಾಕದಿದ್ದರೆ, ಇಮೇಜ್‌ಜೆ "ರಾಗಿ" ವರೆಗೆ ಓದಿ ಅಲ್ಲಿಗೇ ನಿಲ್ಲುತ್ತದೆ.

ಕೈಕೆಲಸ ಮುಗಿದ ಮೇಲೆ ರೆಕಾರ್ಡರ್ ಕಿಟಕಿಯ ಕ್ರಿಯೇಟ್ ಬಟನ್ ಒತ್ತಿ. ಎಲ್ಲ ಸಾಲುಗಳೂ ಎಡಿಟರಿಗೆ ಬರುತ್ತವೆ. ಡಾಟ್ ಐಜೆಎಂ ಅನ್ನುವ ಕೊನೆಯ ಹೆಸರಿಟ್ಟು ಉಳಿಸಿ. ಕಂಟ್ರೋಲ್ ಹಿಡಿದು ಆರ್ ಒತ್ತಿದರೆ ಓಡುತ್ತದೆ. ಬೇಡದ ಸಾಲುಗಳೂ ಸೇರಿಕೊಂಡಿರುತ್ತವೆ: ನೀವು ಟೂಲ್ ಬದಲಿಸಿದ್ದು, ತಪ್ಪಾಗಿ ತೆರೆದು ಮುಚ್ಚಿದ್ದು. ಅವನ್ನು ತೆಗೆಯಿರಿ. ಯಾವ ಸಾಲು ಯಾಕೆ ಅಂತ ಎರಡು ಓರೆಗೆರೆ ಹಾಕಿ ಪಕ್ಕದಲ್ಲಿ ಬರೆದಿಡಿ. ಆರು ತಿಂಗಳ ಮೇಲೆ ಅದನ್ನು ಓದುವವರು ನೀವೇ.

ಹಂತ 2: ಹಳೆಯ ಸೆಟ್ಟಿಂಗ್ ನಂಬಬೇಡಿ

ರೆಕಾರ್ಡ್ ಮಾಡಿದ ಮ್ಯಾಕ್ರೋ ನಿಮ್ಮ ಕಂಪ್ಯೂಟರಿನಲ್ಲಿ ಇವತ್ತು ಸರಿಯಾಗಿ ಓಡುತ್ತದೆ. ನಾಳೆ ಪಕ್ಕದವರ ಕಂಪ್ಯೂಟರಿನಲ್ಲಿ ಬೇರೆ ಉತ್ತರ ಕೊಡಬಹುದು. ಯಾಕೆಂದರೆ ಇಮೇಜ್‌ಜೆಗೆ ನೆನಪಿದೆ. ಹಿಂದಿನ ಸಲ ಯಾರೋ ಏನು ಅಳೆಯಲು ಟಿಕ್ ಹಾಕಿದ್ದರೋ ಅದನ್ನು ಮುಚ್ಚಿ ತೆರೆದರೂ ಇಟ್ಟುಕೊಂಡಿರುತ್ತದೆ. ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಂತೂ ನಿನ್ನೆ ಕೂತವರ ಸೆಟ್ಟಿಂಗ್ ಇವತ್ತು ನಿಮ್ಮ ಮೇಲೆ ಬರುತ್ತದೆ. ಅದಕ್ಕೇ ಮ್ಯಾಕ್ರೋದ ಮೊದಲ ಕೆಲವು ಸಾಲುಗಳು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು.

ಮೊಟ್ಟಮೊದಲು ರಿಕ್ವೈರ್ಸ್ ಕಮಾಂಡ್. ಆವರಣದೊಳಗೆ ಇಮೇಜ್‌ಜೆ ಆವೃತ್ತಿಯ ಸಂಖ್ಯೆ ಕೊಟ್ಟರೆ, ಅದಕ್ಕಿಂತ ಹಳೆಯದರಲ್ಲಿ ಮ್ಯಾಕ್ರೋ ಓಡಲು ಒಪ್ಪುವುದಿಲ್ಲ.

ಆಮೇಲೆ ಸೆಟ್ ಮೆಷರ್‌ಮೆಂಟ್ಸ್. ಇದು ರನ್ ಸಾಲು:

ರನ್("ಸೆಟ್ ಮೆಷರ್‌ಮೆಂಟ್ಸ್...", "ಏರಿಯಾ ಶೇಪ್ ಡಿಸ್‌ಪ್ಲೇ ರೀಡೈರೆಕ್ಟ್=ನನ್ ಡೆಸಿಮಲ್=4");

ಏರಿಯಾ ಅಂದರೆ ವಿಸ್ತೀರ್ಣ. ಶೇಪ್ ಹಾಕಿದರೆ ದುಂಡಗೆ ಎಷ್ಟಿದೆ ಅನ್ನುವ ಸರ್ಕ್ಯುಲಾರಿಟಿ ಮೊದಲಾದವು ಬರುತ್ತವೆ. ಡಿಸ್‌ಪ್ಲೇ ಪದ ಬಿಡಬೇಡಿ, ಅದಿದ್ದರೆ ಪ್ರತಿ ಸಾಲಿನ ಮುಂದೆ ಚಿತ್ರದ ಹೆಸರು ಬೀಳುತ್ತದೆ. ಯಾವ ಕಾಳು ಯಾವ ಚಿತ್ರದ್ದು ಅಂತ ಆಮೇಲೆ ಹುಡುಕುವ ಕಷ್ಟ ತಪ್ಪುತ್ತದೆ.

ಮೂರನೆಯದು ಸೆಟ್‌ಆಪ್ಷನ್("ಬ್ಲ್ಯಾಕ್‌ಬ್ಯಾಕ್‌ಗ್ರೌಂಡ್", ಟ್ರೂ). ಮುಂದೆ ಚಿತ್ರವನ್ನು ಕಪ್ಪು-ಬಿಳುಪು ಮಾಸ್ಕ್ ಮಾಡುವಾಗ ಕಾಳು ಬಿಳಿ, ಹಿನ್ನೆಲೆ ಕಪ್ಪು ಅಂತ ಇದು ಗಟ್ಟಿ ಮಾಡುತ್ತದೆ. ಇದನ್ನು ಹೇಳದೆ ಬಿಟ್ಟರೆ ಕೆಲವು ಕಂಪ್ಯೂಟರಿನಲ್ಲಿ ಉಲ್ಟಾ ಆಗಿ, ಕಾಳಿನ ಬದಲು ಕಾಳುಗಳ ನಡುವಿನ ಖಾಲಿ ಜಾಗವನ್ನು ಅಳೆದು ಕೊಡುತ್ತದೆ.

ಕೊನೆಯದಾಗಿ ರನ್("ಕ್ಲಿಯರ್ ರಿಸಲ್ಟ್ಸ್"). ಹಳೆಯ ಅಂಕಿಗಳನ್ನೆಲ್ಲ ಒರೆಸಿ ಶುರು ಮಾಡೋಣ.

ಹಂತ 3: ಪಿಕ್ಸೆಲ್‌ನಿಂದ ಮಿಲಿಮೀಟರಿಗೆ

ನನ್ನ ಮೊದಲ ಮ್ಯಾಕ್ರೋ ಓಡಿದಾಗ ಎಲ್ಲ ಕಾಳುಗಳ ವಿಸ್ತೀರ್ಣವೂ 0.003 ಅಂತ ಬಂತು. ಒಂದಲ್ಲ ಎರಡಲ್ಲ, ಮೇಲಿನಿಂದ ಕೆಳಗಿನವರೆಗೆ 0.003, ಅಲ್ಲಲ್ಲಿ 0.002. ಫಿಲ್ಟರ್ ತಪ್ಪಿರಬೇಕು ಅಂತ ಒಂದು ಸಂಜೆ ಪೂರ್ತಿ ಅದನ್ನೇ ತಿದ್ದುತ್ತಾ ಕೂತೆ. ಕಾರಣ ಬೇರೆಯೇ ಇತ್ತು. ಸ್ಕ್ಯಾನರ್ ಉಳಿಸಿದ ಟಿಫ್ ಫೈಲಿನೊಳಗೆ ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವ ಮಾಹಿತಿ ಇರುತ್ತದೆ. ಇಮೇಜ್‌ಜೆ ಅದನ್ನು ತಾನಾಗಿಯೇ ಓದಿ, ಅಳತೆಯನ್ನು ಇಂಚಿನಲ್ಲಿ ಕೊಡುತ್ತದೆ. ಸುಮಾರು 1.5 ಮಿಲಿಮೀಟರ್ ಅಗಲದ ದುಂಡನೆಯ ರಾಗಿ ಕಾಳಿನ ವಿಸ್ತೀರ್ಣ 1.77 ಚದರ ಮಿಲಿಮೀಟರ್. ಅದನ್ನೇ ಚದರ ಇಂಚಿನಲ್ಲಿ ಹೇಳಿದರೆ 0.0027. ಮೂರೇ ದಶಮಾಂಶ ಸ್ಥಾನ ಇಟ್ಟಿದ್ದರಿಂದ ಎಲ್ಲವೂ 0.003 ಆಗಿ ಕಂಡಿತು.

ಪರಿಹಾರ ಒಂದೇ ಸಾಲು. ನಾನು ಸ್ಕ್ಯಾನ್ ಮಾಡಿದ್ದು ಇಂಚಿಗೆ 600 ಪಿಕ್ಸೆಲ್. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಆದ್ದರಿಂದ:

ರನ್("ಸೆಟ್ ಸ್ಕೇಲ್...", "ಡಿಸ್ಟೆನ್ಸ್=600 ನೋನ್=25.4 ಯೂನಿಟ್=ಎಂಎಂ");

ಈ ಲೆಕ್ಕದಲ್ಲಿ ಒಂದು ಪಿಕ್ಸೆಲ್ ಸುಮಾರು 0.042 ಮಿಲಿಮೀಟರ್, ಒಂದು ಕಾಳಿನ ಅಡ್ಡಗಲ ಸುಮಾರು 35 ಪಿಕ್ಸೆಲ್. ಅಂಚು ಚೆನ್ನಾಗಿ ಸಿಗಲು ಅಷ್ಟು ಸಾಕು. ಇಂಚಿಗೆ 150 ಪಿಕ್ಸೆಲ್‌ನಲ್ಲಿ ಸ್ಕ್ಯಾನ್ ಮಾಡಿದ್ದರೆ ಒಂದು ಕಾಳು ಬರೀ 9 ಪಿಕ್ಸೆಲ್ ಆಗುತ್ತಿತ್ತು, ಅಳತೆಗೆ ನೆಚ್ಚಿಕೊಳ್ಳುವಂತಿರಲಿಲ್ಲ.

ಅಳತೆ ಸರಿ ಬಿದ್ದಿದೆಯಾ ಅಂತ ಮ್ಯಾಕ್ರೋದಲ್ಲೇ ಕೇಳಬಹುದು. ಗೆಟ್‌ಪಿಕ್ಸೆಲ್‌ಸೈಜ್ ಕಮಾಂಡ್ ಘಟಕದ ಹೆಸರು, ಅಗಲ, ಎತ್ತರ ಮೂರನ್ನೂ ಕೊಡುತ್ತದೆ. ಪ್ರಿಂಟ್ ಕಮಾಂಡ್‌ನಿಂದ ಅದನ್ನು ಲಾಗ್ ಕಿಟಕಿಗೆ ಬರೆಸಿ. ಸೂಕ್ಷ್ಮದರ್ಶಕದ ಚಿತ್ರಗಳಾದರೆ ಕಂಪನಿಯ ಫೈಲಿನೊಳಗೇ ಅಳತೆ ಇರುತ್ತದೆ. ಫಿಜಿಯ ಜೊತೆ ಬರುವ ಬಯೋ-ಫಾರ್ಮ್ಯಾಟ್ಸ್ ಅದನ್ನು ಓದಿಕೊಡುತ್ತದೆ. ಆಗಲೂ ಒಮ್ಮೆ ಪ್ರಿಂಟ್ ಮಾಡಿಸಿ ಕಣ್ಣಾರೆ ನೋಡಿ.

ಹಂತ 4: ಫೋಲ್ಡರ್ ಪೂರ್ತಿ ಓಡಿಸುವುದು

ಗೆಟ್‌ಡೈರೆಕ್ಟರಿ ಕಮಾಂಡ್ ಫೋಲ್ಡರ್ ಆರಿಸುವ ಕಿಟಕಿ ತೆರೆಯುತ್ತದೆ. ಎರಡು ಸಲ ಬಳಸಿ: ಚಿತ್ರಗಳಿರುವ ಫೋಲ್ಡರಿಗೆ ಒಮ್ಮೆ, ಉತ್ತರ ಬರೆಯುವ ಫೋಲ್ಡರಿಗೆ ಒಮ್ಮೆ. ಎರಡೂ ಬೇರೆ ಬೇರೆ ಇರಲೇಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಮ್ಯಾಕ್ರೋದೊಳಗಿನ ಸೇವ್‌ಆ್ಯಸ್ ಕಮಾಂಡ್, ಅದೇ ಹೆಸರಿನ ಫೈಲ್ ಆಗಲೇ ಇದ್ದರೂ "ಅಳಿಸಲಾ?" ಅಂತ ಕೇಳುವುದಿಲ್ಲ. ನೇರ ಅದರ ಮೇಲೆ ಬರೆದುಬಿಡುತ್ತದೆ. ಒಮ್ಮೆ ನಾನು ಒಂದೇ ಫೋಲ್ಡರ್ ಕೊಟ್ಟು, ಹನ್ನೆರಡು ಮೂಲ ಸ್ಕ್ಯಾನ್‌ಗಳು ಕಪ್ಪು-ಬಿಳುಪು ಮಾಸ್ಕ್ ಆಗಿ ಹೋದವು. ಕಾಳು ಇನ್ನೂ ಕವರಿನಲ್ಲಿದ್ದವು, ಮತ್ತೆ ಸ್ಕ್ಯಾನ್ ಮಾಡಿದೆ. ಜೀವಕೋಶದ ಚಿತ್ರವಾಗಿದ್ದರೆ ಮತ್ತೆ ಸಿಗುತ್ತಿರಲಿಲ್ಲ. ಮೂಲ ಚಿತ್ರಗಳ ಇನ್ನೊಂದು ನಕಲು ಬೇರೆ ಡಿಸ್ಕಿನಲ್ಲಿ ಇಡದೆ ಮ್ಯಾಕ್ರೋ ಓಡಿಸಬೇಡಿ.

ಗೆಟ್‌ಫೈಲ್‌ಲಿಸ್ಟ್ ಆ ಫೋಲ್ಡರಿನಲ್ಲಿರುವ ಹೆಸರುಗಳ ಪಟ್ಟಿ ಕೊಡುತ್ತದೆ. ಪಟ್ಟಿಯ ಎಣಿಕೆ 0ಯಿಂದ ಶುರು. ಒಳಗಿನ ಫೋಲ್ಡರುಗಳ ಹೆಸರು ಓರೆಗೆರೆಯಿಂದ ಮುಗಿಯುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಹಾಕಿ ಒಂದೊಂದೇ ಹೆಸರು ತೆಗೆದುಕೊಳ್ಳಿ. ಆದರೆ ತೆರೆಯುವ ಮುಂಚೆ ಅದು ಚಿತ್ರವೇ ಹೌದಾ ನೋಡಿ. ನಾವೆಲ್ಲ ಚಿತ್ರದ ಫೋಲ್ಡರಿನಲ್ಲೇ ಎಕ್ಸೆಲ್ ಶೀಟು, ಟಿಪ್ಪಣಿ ಫೈಲು ಇಟ್ಟಿರುತ್ತೇವೆ. ಎಂಡ್ಸ್‌ವಿತ್ ಕಮಾಂಡ್‌ನಿಂದ ಹೆಸರಿನ ಕೊನೆ ಡಾಟ್ ಟಿಫ್ ಅಂತಿದೆಯಾ ಕೇಳಿ. ಕೆಲವು ಸ್ಕ್ಯಾನರ್‌ಗಳು ಅದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಹಾಗಾಗಿ ಮೊದಲು ಟುಲೋವರ್‌ಕೇಸ್ ಹಾಕಿ ಹೆಸರನ್ನು ಸಣ್ಣಕ್ಷರ ಮಾಡಿಕೊಂಡು ಕೇಳಿದರೆ ಯಾವುದೂ ತಪ್ಪಿಹೋಗದು.

ಪಟ್ಟಿಯಲ್ಲಿ ಎಷ್ಟನೆಯದು ಅನ್ನುವುದನ್ನೇ ನೆಚ್ಚಿ ತಳಿಯ ಹೆಸರು ಹೊಂದಿಸಬೇಡಿ. ಅಕ್ಷರ ಕ್ರಮದಲ್ಲಿ ಜೋಡಿಸಿದರೆ 2ಕ್ಕಿಂತ ಮೊದಲು 10 ಬಂದುಬಿಡಬಹುದು. ಫೈಲಿನ ಹೆಸರಿನಲ್ಲೇ ತಳಿ, ದಿನಾಂಕ, ಕ್ರಮಸಂಖ್ಯೆ ಇರಲಿ. ಸಂಖ್ಯೆಯನ್ನು 001, 002 ಅಂತ ಬರೆಯಿರಿ. ಮ್ಯಾಕ್ರೋದಲ್ಲಿ ಹಾಗೆ ಸೊನ್ನೆ ಸೇರಿಸಲು ಐಜೆ.ಪ್ಯಾಡ್ ಅಂತ ಕಮಾಂಡ್ ಇದೆ.

ವಿಂಡೋಸ್‌ನವರಿಗೆ ಒಂದು ಕಿವಿಮಾತು: ಫೋಲ್ಡರ್ ವಿಳಾಸವನ್ನು ಕೈಯಿಂದ ಬರೆಯುವಾಗ ಹಿಂದಕ್ಕೆ ವಾಲಿದ ಗೆರೆಯನ್ನು ಎರಡೆರಡು ಸಲ ಹಾಕಬೇಕು, ಇಲ್ಲವೇ ಮುಂದಕ್ಕೆ ವಾಲಿದ ಗೆರೆ ಬಳಸಬೇಕು. ಎರಡನೆಯದೇ ಸುಲಭ.

ಇನ್ನು ಸೆಟ್‌ಬ್ಯಾಚ್‌ಮೋಡ್(ಟ್ರೂ). ಇದನ್ನು ಲೂಪ್‌ಗೆ ಮುಂಚೆ ಹಾಕಿದರೆ ಚಿತ್ರಗಳು ತೆರೆ ಮೇಲೆ ಮೂಡುವುದಿಲ್ಲ, ಒಳಗೊಳಗೇ ಕೆಲಸ ನಡೆಯುತ್ತದೆ. ಇದರಿಂದ ಮ್ಯಾಕ್ರೋ 20 ಪಟ್ಟುವರೆಗೆ ವೇಗವಾಗಿ ಓಡಬಹುದು ಅಂತ ಇಮೇಜ್‌ಜೆಯ ಕೈಪಿಡಿಯೇ ಹೇಳುತ್ತದೆ. ಆದರೆ ಶುರುವಿನಲ್ಲೇ ಹಾಕಬೇಡಿ. ಮೊದಲ ಎರಡು ಮೂರು ಚಿತ್ರ ಕಣ್ಣೆದುರೇ ನಡೆಯಲಿ, ಎಲ್ಲಿ ತಪ್ಪುತ್ತಿದೆ ಅಂತ ಆಗಲೇ ಕಾಣುವುದು.

ಹಂತ 5: ಯಾವ ಚಿತ್ರದ ಮೇಲೆ ಕೆಲಸ ನಡೆಯುತ್ತಿದೆ?

ರನ್ ಕಮಾಂಡ್ ಯಾವಾಗಲೂ ಮುಂದಿರುವ ಚಿತ್ರದ ಮೇಲೆ ನಡೆಯುತ್ತದೆ. ಎರಡು ಚಿತ್ರ ತೆರೆದಿದ್ದಾಗ ಯಾವುದು ಮುಂದೆ ಅಂತ ನೀವು ಹೇಳದಿದ್ದರೆ ಅದರ ಪಾಡಿಗೆ ಯಾವುದನ್ನೋ ಹಿಡಿಯುತ್ತದೆ. ರೆಕಾರ್ಡರ್ ಇದಕ್ಕೆ ಸೆಲೆಕ್ಟ್‌ವಿಂಡೋ ಅಂತ ಬರೆದು ಚಿತ್ರದ ಹೆಸರು ಹಾಕಿರುತ್ತದೆ. ಮುಂದಿನ ಚಿತ್ರಕ್ಕೆ ಆ ಹೆಸರು ಇರುವುದಿಲ್ಲವಲ್ಲ, ಮ್ಯಾಕ್ರೋ ಅಲ್ಲೇ ನಿಲ್ಲುತ್ತದೆ. ಅದೂ ಅಲ್ಲದೆ ಸೇವ್‌ಆ್ಯಸ್ ಮಾಡಿದೊಡನೆ ಚಿತ್ರದ ಹೆಸರೇ ಬದಲಾಗುತ್ತದೆ.

ಹೆಸರಿಗಿಂತ ಗುರುತಿನ ಸಂಖ್ಯೆ ಗಟ್ಟಿ. ಚಿತ್ರ ತೆರೆದ ಕೂಡಲೇ ಗೆಟ್‌ಇಮೇಜ್‌ಐಡಿ ಬಳಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. ಸಂಖ್ಯೆ ಋಣವಾಗಿ ಬರುತ್ತದೆ, ಗಾಬರಿ ಬೇಡ, ಅದು ಹಾಗೇ. ಬೇಕಾದಾಗ ಸೆಲೆಕ್ಟ್‌ಇಮೇಜ್ ಗೆ ಆ ಸಂಖ್ಯೆ ಕೊಟ್ಟರೆ ಅದೇ ಚಿತ್ರ ಮುಂದೆ ಬರುತ್ತದೆ, ಹೆಸರು ಏನಾಗಿದ್ದರೂ.

ಒಂದು ಕಡೆ ಮಾತ್ರ ಹೆಸರು ಬಳಸಲೇಬೇಕು. ಸ್ಕ್ಯಾನ್ ಚಿತ್ರ ಬಣ್ಣದ್ದು. ತ್ರೆಶೋಲ್ಡ್, ಅಂದರೆ ಕಾಳು ಯಾವುದು ಹಾಳೆ ಯಾವುದು ಅಂತ ಬೇರ್ಪಡಿಸುವ ಮಟ್ಟ, ಹಾಕಲು ಬೂದು ಚಿತ್ರ ಬೇಕು. ರನ್("8-ಬಿಟ್") ಅಂದರೆ ಕೆಂಪು, ಹಸಿರು, ನೀಲಿ ಮೂರೂ ಕಲೆತು ಬೂದಾಗುತ್ತದೆ. ರಾಗಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಕಂದು ಬಣ್ಣದ ಕಾಳು ಕೆಂಪು ಬೆಳಕನ್ನು ಸಾಕಷ್ಟು ವಾಪಸ್ ಕೊಡುತ್ತದೆ, ನೀಲಿಯನ್ನು ತೀರ ಕಡಿಮೆ. ಬಿಳಿ ಹಾಳೆ ಎರಡನ್ನೂ ಕೊಡುತ್ತದೆ. ಅಂದರೆ ನೀಲಿ ಪದರದಲ್ಲಿ ಕಾಳು ಕಡುಗಪ್ಪು, ಹಾಳೆ ಬೆಳ್ಳಗೆ. ರನ್("ಸ್ಪ್ಲಿಟ್ ಚಾನೆಲ್ಸ್") ಹಾಕುವ ಮುಂಚೆ ಗೆಟ್‌ಟೈಟಲ್‌ನಿಂದ ಹೆಸರು ಇಟ್ಟುಕೊಳ್ಳಿ. ಬೇರ್ಪಟ್ಟ ಮೂರು ಚಿತ್ರಗಳಿಗೆ ಅದೇ ಹೆಸರಿನ ಕೊನೆಗೆ ಆವರಣದಲ್ಲಿ ರೆಡ್, ಗ್ರೀನ್, ಬ್ಲೂ ಅಂತ ಸೇರುತ್ತದೆ. ಬ್ಲೂ ಇರುವುದನ್ನು ಆರಿಸಿ, ತಕ್ಷಣ ಅದರ ಸಂಖ್ಯೆ ತೆಗೆದುಕೊಳ್ಳಿ. ಸೆಟ್ ಸ್ಕೇಲ್ ಸಾಲನ್ನು ಇಲ್ಲೇ, ಈ ಚಿತ್ರದ ಮೇಲೆ ಹಾಕಿದರೆ ಅನುಮಾನಕ್ಕೆ ಜಾಗವಿಲ್ಲ.

ಹಂತ 6: ಕಾಳು ಬೇರ್ಪಡಿಸಿ ಎಣಿಸುವುದು

ಮೀಡಿಯನ್ ಫಿಲ್ಟರ್ 2 ಪಿಕ್ಸೆಲ್‌ಗೆ ಹಾಕಿ. ಗಾಜಿನ ಮೇಲಿನ ಧೂಳಿನ ಚುಕ್ಕೆಗಳು ಹೋಗುತ್ತವೆ, ಕಾಳಿನ ಅಂಚು ಹಾಗೇ ಉಳಿಯುತ್ತದೆ.

ಆಮೇಲೆ ಸೆಟ್‌ಆಟೋತ್ರೆಶೋಲ್ಡ್("ಓಟ್ಸು"). ಯಾವ ಬೂದು ಮಟ್ಟಕ್ಕಿಂತ ಕೆಳಗಿದ್ದರೆ ಕಾಳು, ಮೇಲಿದ್ದರೆ ಹಾಳೆ ಅನ್ನುವುದನ್ನು ಇದು ಚಿತ್ರದಿಂದಲೇ ಲೆಕ್ಕ ಹಾಕುತ್ತದೆ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟ ವಿಧಾನ ಇದು. ಚಿತ್ರದಲ್ಲಿ ಕಪ್ಪು ಗುಂಪು, ಬಿಳಿ ಗುಂಪು ಎರಡು ಸ್ಪಷ್ಟವಾಗಿ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮ ರಾಗಿ ಚಿತ್ರ ಅಂಥದ್ದೇ. ಮೈಮೇಲೆ ಎಚ್ಚರ ಇರಬೇಕಾದ ಜಾಗ ಇಲ್ಲೊಂದಿದೆ. "ಓಟ್ಸು ಡಾರ್ಕ್" ಅಂತ ಬರೆದರೆ ಹಿನ್ನೆಲೆ ಕಪ್ಪು ಅಂತ ಅರ್ಥ, ವಸ್ತು ಕಪ್ಪು ಅಂತ ಅಲ್ಲ. ನಮ್ಮ ಹಿನ್ನೆಲೆ ಬಿಳಿ, ಹಾಗಾಗಿ ಡಾರ್ಕ್ ಬೇಡ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಜೀವಕೋಶ ಎಣಿಸುವವರು ಡಾರ್ಕ್ ಹಾಕಿ.

ಎಲ್ಲ ಚಿತ್ರಕ್ಕೂ ಒಂದೇ ಮಟ್ಟ ಬೇಕಿದ್ದರೆ ಸೆಟ್‌ತ್ರೆಶೋಲ್ಡ್ ಗೆ ಕೆಳಗಿನ, ಮೇಲಿನ ಎರಡು ಅಂಕಿ ಕೊಡಬಹುದು. ಹೊಳಪನ್ನೇ ಹೋಲಿಸುವ ಪ್ರಯೋಗಕ್ಕೆ ಇದು ಸರಿ. ಬ್ರೈಟ್‌ನೆಸ್ ಕಿಟಕಿಯಲ್ಲಿ ಅಪ್ಲೈ ಒತ್ತಿದ ಚಿತ್ರದ ಮೇಲೆ ಮಾತ್ರ ಏನನ್ನೂ ಅಳೆಯಬೇಡಿ. ಆ ಬಟನ್ ಪಿಕ್ಸೆಲ್ ಬೆಲೆಗಳನ್ನೇ ಬದಲಿಸುತ್ತದೆ.

ಮುಂದಿನ ಮೂರು ಸಾಲು ಒಂದರ ಹಿಂದೆ ಒಂದು: ರನ್("ಕನ್ವರ್ಟ್ ಟು ಮಾಸ್ಕ್"), ರನ್("ಫಿಲ್ ಹೋಲ್ಸ್"), ರನ್("ವಾಟರ್‌ಶೆಡ್"). ಕೊನೆಯದು ಅಂಟಿಕೊಂಡ ಕಾಳುಗಳ ನಡುವೆ ಒಂದು ಪಿಕ್ಸೆಲ್ ದಪ್ಪದ ಗೆರೆ ಎಳೆದು ಬಿಡಿಸುತ್ತದೆ. ದುಂಡನೆಯ ಕಾಳಿಗೆ ಇದು ಹೇಳಿ ಮಾಡಿಸಿದಂತೆ. ಉದ್ದನೆಯ ಅಕ್ಕಿ ಕಾಳಿಗೆ ಹಾಕಿದರೆ ಒಂದೇ ಕಾಳನ್ನು ನಡುವೆ ಕತ್ತರಿಸಿಬಿಡುವ ಅಪಾಯ ಇದೆ. ಕಾಳು ಹರಡುವಾಗಲೇ ಒಂದು ತೆಳು ಕಡ್ಡಿಯಿಂದ ದೂರ ದೂರ ಸರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಕಳೆದ ಎರಡು ನಿಮಿಷ ಇಲ್ಲಿ ಬಹಳ ಉಳಿಸುತ್ತದೆ.

ಈಗ ಎಣಿಸುವ ಸಾಲು:

ರನ್("ಅನಲೈಜ್ ಪಾರ್ಟಿಕಲ್ಸ್...", "ಸೈಜ್=0.5-4 ಸರ್ಕ್ಯುಲಾರಿಟಿ=0.40-1.00 ಡಿಸ್‌ಪ್ಲೇ ಎಕ್ಸ್‌ಕ್ಲೂಡ್ ಕ್ಲಿಯರ್");

ಸೈಜ್ ಇಲ್ಲಿ ಚದರ ಮಿಲಿಮೀಟರಿನಲ್ಲಿದೆ, ನಾವು ಸ್ಕೇಲ್ ಕೊಟ್ಟದ್ದರಿಂದ. ಪಿಕ್ಸೆಲ್ ಲೆಕ್ಕದಲ್ಲಿ 500 ಅಂತ ಬರೆದು, ಯಾಕೆ ಒಂದೂ ಕಾಳು ಸಿಗುತ್ತಿಲ್ಲ ಅಂತ ಒದ್ದಾಡುವವರು ಎಷ್ಟೋ ಜನ. ಸರ್ಕ್ಯುಲಾರಿಟಿ 1 ಅಂದರೆ ಪೂರ್ತಿ ದುಂಡು. 0.40ಕ್ಕಿಂತ ಕಡಿಮೆ ಇರುವುದು ಸಾಮಾನ್ಯವಾಗಿ ಹೊಟ್ಟು, ಕಡ್ಡಿ, ಕೂದಲು. ಎಕ್ಸ್‌ಕ್ಲೂಡ್ ಪದ ಚಿತ್ರದ ಅಂಚಿಗೆ ತಾಗಿ ಅರ್ಧ ಕತ್ತರಿಸಿದ ಕಾಳುಗಳನ್ನು ಬಿಡುತ್ತದೆ.

ಮೇಲಿನ ಮಿತಿ 4 ಯಾಕೆ, 3 ಯಾಕಲ್ಲ ಅಂತ ಕೇಳಬಹುದು. ಬಿಡಿಸಲಾಗದೆ ಅಂಟಿಯೇ ಉಳಿದ ಜೋಡಿ ಕಾಳಿನ ವಿಸ್ತೀರ್ಣ ಸುಮಾರು 3.5 ಬರುತ್ತದೆ. ಮಿತಿ 3 ಇಟ್ಟರೆ ಆ ಜೋಡಿ ಪಟ್ಟಿಯಿಂದಲೇ ಮಾಯ, ಎರಡು ಕಾಳು ಕಡಿಮೆಯಾದದ್ದು ನಿಮಗೆ ಗೊತ್ತೇ ಆಗುವುದಿಲ್ಲ. 4 ಇಟ್ಟರೆ ಜೋಡಿ ಪಟ್ಟಿಯಲ್ಲಿ ಎದ್ದು ಕಾಣುತ್ತದೆ, ಹೋಗಿ ನೋಡಬಹುದು. ತಪ್ಪು ಕಣ್ಣಿಗೆ ಬೀಳುವಂತೆ ಇಡುವುದೇ ನನ್ನ ಪದ್ಧತಿ.

ಕ್ಲಿಯರ್ ಪದದ ಬಗ್ಗೆ ಮೊದಲೇ ಹೇಳಿದೆ. ಅದು ಇಲ್ಲದೆ ಓಡಿಸಿದರೆ ಮೊದಲ ಚಿತ್ರಕ್ಕೆ 212, ಎರಡನೆಯದಕ್ಕೆ 418, ಮೂರನೆಯದಕ್ಕೆ 630 ಅಂತ ಎಣಿಕೆ ಏರುತ್ತಾ ಹೋಗುತ್ತದೆ. ಹಿಂದಿನ ಕಾಳುಗಳೂ ಪಟ್ಟಿಯಲ್ಲೇ ಉಳಿದಿರುತ್ತವೆ, ಅಷ್ಟೇ.

ಹಂತ 7: ಉತ್ತರ ಬರೆದಿಡುವುದು

ಎನ್‌ರಿಸಲ್ಟ್ಸ್ ಅನ್ನುವ ಒಂದೇ ಪದ ರಿಸಲ್ಟ್ಸ್ ಪಟ್ಟಿಯಲ್ಲಿ ಎಷ್ಟು ಸಾಲಿದೆ ಅಂತ ಹೇಳುತ್ತದೆ. ನಮಗೆ ಅದೇ ಕಾಳಿನ ಎಣಿಕೆ. ಗೆಟ್‌ರಿಸಲ್ಟ್("ಏರಿಯಾ", 0) ಮೊದಲ ಕಾಳಿನ ವಿಸ್ತೀರ್ಣ ಕೊಡುತ್ತದೆ. ಲೂಪ್ ಹಾಕಿ ಎಲ್ಲವನ್ನೂ ಕೂಡಿಸಿ ಎನ್‌ರಿಸಲ್ಟ್ಸ್‌ನಿಂದ ಭಾಗಿಸಿದರೆ ಸರಾಸರಿ. ಎಣಿಕೆ 0 ಬಂದರೆ ಭಾಗಿಸುವ ಮುಂಚೆ ಇಫ್ ಹಾಕಿ ತಪ್ಪಿಸಿ.

ಪೂರ್ತಿ ಪಟ್ಟಿಯನ್ನು ಸೇವ್‌ಆ್ಯಸ್("ರಿಸಲ್ಟ್ಸ್", ವಿಳಾಸ) ಬಳಸಿ ಸಿಎಸ್‌ವಿ ಫೈಲಾಗಿ ಉಳಿಸಿ. ಎಕ್ಸೆಲ್‌ನಲ್ಲಿ ನೇರ ತೆರೆಯುತ್ತದೆ. ಇದಲ್ಲದೆ ಚಿತ್ರಕ್ಕೊಂದು ಸಾಲಿನ ಸಾರಾಂಶ ಬೇಕು: ಹೆಸರು, ಎಣಿಕೆ, ಸರಾಸರಿ. ಅದಕ್ಕೆ ನನಗೆ ತುಂಬ ಇಷ್ಟವಾದ ಕಮಾಂಡ್ ಫೈಲ್.ಅಪೆಂಡ್. ಇದು ಪ್ರತಿ ಸಲ ಫೈಲಿನ ಕೊನೆಗೆ ಒಂದು ಸಾಲು ಸೇರಿಸುತ್ತದೆ. ಎಪ್ಪತ್ತನೇ ಚಿತ್ರದಲ್ಲಿ ಕರೆಂಟ್ ಹೋದರೂ ಅರವತ್ತೊಂಬತ್ತರ ಉತ್ತರ ಡಿಸ್ಕಿನಲ್ಲಿ ಉಳಿದಿರುತ್ತದೆ. ಮತ್ತೆ ಓಡಿಸುವಾಗ ಹಳೆಯ ಸಾರಾಂಶ ಫೈಲ್ ತೆಗೆದಿಡಿ, ಇಲ್ಲದಿದ್ದರೆ ಹೊಸ ಸಾಲುಗಳು ಹಳೆಯದರ ಕೆಳಗೇ ಸೇರುತ್ತವೆ.

ಕೊನೆಗೆ ಕ್ಲೋಸ್("*"). ತೆರೆದಿರುವ ಎಲ್ಲ ಚಿತ್ರ ಮುಚ್ಚುತ್ತದೆ. ಇದು ಲೂಪಿನ ಒಳಗೇ ಇರಬೇಕು. ಇಲ್ಲದಿದ್ದರೆ ಒಂದೊಂದು ಚಿತ್ರಕ್ಕೂ ಮೂರು ಪದರದಂತೆ ಮೆಮೊರಿ ತುಂಬಿ ಕಂಪ್ಯೂಟರ್ ನಿಂತುಬಿಡುತ್ತದೆ.

ಎಲ್ಲ ಒಂದು ಸಾಲಿಗೆ ತಂದರೆ

ಮ್ಯಾಕ್ರೋದ ಕ್ರಮ ಹೀಗೆ. ಆವೃತ್ತಿ ಕೇಳು. ಎರಡು ಫೋಲ್ಡರ್ ಕೇಳು. ಎರಡೂ ಒಂದೇ ಆಗಿದ್ದರೆ ಎಕ್ಸಿಟ್ ಕಮಾಂಡ್‌ನಿಂದ ಅಲ್ಲೇ ನಿಲ್ಲು. ಏನು ಅಳೆಯಬೇಕು, ಮಾಸ್ಕ್ ಬಣ್ಣ ಯಾವುದು ಅಂತ ಗಟ್ಟಿ ಮಾಡು. ಬ್ಯಾಚ್ ಮೋಡ್ ಹಾಕು. ಫೈಲ್ ಪಟ್ಟಿಯಲ್ಲಿ ಒಂದೊಂದಕ್ಕೂ: ಟಿಫ್ ಅಲ್ಲದಿದ್ದರೆ ಬಿಡು, ಹೌದಾದರೆ ತೆರೆ, ಹೆಸರು ಇಟ್ಟುಕೋ, ಪದರ ಬೇರ್ಪಡಿಸು, ನೀಲಿ ಆರಿಸು, ಸ್ಕೇಲ್ ಕೊಡು, ಮೀಡಿಯನ್, ತ್ರೆಶೋಲ್ಡ್, ಮಾಸ್ಕ್, ತೂತು ತುಂಬು, ಬಿಡಿಸು, ಎಣಿಸು, ಪಟ್ಟಿ ಉಳಿಸು, ಸಾರಾಂಶಕ್ಕೆ ಸಾಲು ಸೇರಿಸು, ಎಲ್ಲ ಮುಚ್ಚು. ಲೂಪ್ ಮುಗಿದ ಮೇಲೆ ಬ್ಯಾಚ್ ಮೋಡ್ ತೆಗೆ.

ಒಂದು ಚಿತ್ರಕ್ಕೆ ಮಾಡುವ ಕೆಲಸವನ್ನು ಫಂಕ್ಷನ್ ಅಂತ ಬೇರೆ ಬರೆದು, ಲೂಪ್‌ನಿಂದ ಅದನ್ನು ಕರೆದರೆ ಓದಲು ಸಲೀಸು. 600, 0.5, 4 ಥರದ ಅಂಕಿಗಳನ್ನು ಸಾಲುಗಳ ನಡುವೆ ಹುದುಗಿಸಬೇಡಿ. ಮೇಲ್ಗಡೆ ಹೆಸರಿಟ್ಟು ಬರೆದು, ಕೆಳಗೆ ಕೂಡಿಸುವ ಚಿಹ್ನೆಯಿಂದ ಪಠ್ಯಕ್ಕೆ ಸೇರಿಸಿ. ಬೇರೆಯವರಿಗೆ ಕೊಡುವ ಮ್ಯಾಕ್ರೋ ಆದರೆ ಡೈಲಾಗ್.ಕ್ರಿಯೇಟ್, ಡೈಲಾಗ್.ಆ್ಯಡ್‌ನಂಬರ್, ಡೈಲಾಗ್.ಶೋ, ಡೈಲಾಗ್.ಗೆಟ್‌ನಂಬರ್ ಈ ನಾಲ್ಕು ಸೇರಿಸಿ ಚಿಕ್ಕ ಕಿಟಕಿ ಮಾಡಿ. ಕೋಡ್ ಮುಟ್ಟದೆಯೇ ಅವರು ಅಂಕಿ ತುಂಬಬಹುದು. ಕೈಯಿಂದ ಗುರುತು ಹಾಕಬೇಕಾದ ಕೆಲಸಕ್ಕೆ ವೇಟ್‌ಫಾರ್‌ಯೂಸರ್ ಇದೆ. ಮ್ಯಾಕ್ರೋ ಅಲ್ಲಿ ನಿಂತು, ನೀವು ಗೆರೆ ಎಳೆದು ಓಕೆ ಒತ್ತುವವರೆಗೆ ಕಾಯುತ್ತದೆ.

ತಪ್ಪು ಬಂದಾಗ

ಮ್ಯಾಕ್ರೋ ನಿಂತರೆ ಸಾಲಿನ ಸಂಖ್ಯೆ ಇರುವ ಕಿಟಕಿ ಬರುತ್ತದೆ. ಗಾಬರಿಯಿಂದ ಮುಚ್ಚಬೇಡಿ. ಆ ಸಾಲನ್ನೇ ಅಲ್ಲಿ ಬರೆದು, ಯಾವ ಪದ ಅರ್ಥವಾಗಲಿಲ್ಲವೋ ಅದನ್ನು ಕೋನ ಆವರಣದೊಳಗೆ ತೋರಿಸಿರುತ್ತದೆ. ಆ ಪದದಲ್ಲಿ ತಪ್ಪಿಲ್ಲದಿದ್ದರೆ ಅದರ ಹಿಂದಿನ ಸಾಲಿನ ಅರ್ಧವಿರಾಮ ನೋಡಿ. ಅದರಲ್ಲೂ ಸಿಗದಿದ್ದರೆ ಮುಖ್ಯ ಸಾಲುಗಳ ನಡುವೆ ಪ್ರಿಂಟ್ ಹಾಕಿ: ಈಗ ಯಾವ ಚಿತ್ರ, ಅದರ ಸಂಖ್ಯೆ ಏನು, ಎಷ್ಟು ಕಾಳು. ಲಾಗ್ ಓದುತ್ತಾ ಹೋದರೆ ಎಲ್ಲಿ ದಾರಿ ತಪ್ಪಿತು ಅಂತ ಸಿಕ್ಕೇ ಸಿಗುತ್ತದೆ.

ನಿಲ್ಲದೆ ಓಡಿದ ಮ್ಯಾಕ್ರೋಗೆ ಇದಕ್ಕಿಂತ ಜಾಸ್ತಿ ಪರೀಕ್ಷೆ ಬೇಕು. ಅನಲೈಜ್ ಪಾರ್ಟಿಕಲ್ಸ್ ಸಾಲಿಗೆ ಶೋ=ಔಟ್‌ಲೈನ್ಸ್ ಸೇರಿಸಿದರೆ ಎಣಿಸಿದ ಪ್ರತಿ ಕಾಳಿನ ಅಂಚು, ಅದರ ಸಂಖ್ಯೆ ಬರೆದ ಹೊಸ ಚಿತ್ರ ಸಿಗುತ್ತದೆ. ಅದನ್ನೂ ಪಿಎನ್‌ಜಿ ಆಗಿ ಉಳಿಸಿ. ಕಣ್ಣು ಮುಚ್ಚಿ ಐದು ಚಿತ್ರ ಆರಿಸಿ, ಮೂಲ ಸ್ಕ್ಯಾನ್ ಪಕ್ಕದಲ್ಲಿಟ್ಟು ಕೈಯಿಂದ ಎಣಿಸಿ. ಆಮೇಲೆ ಪಟ್ಟಿಯಲ್ಲಿ ವಿಸ್ತೀರ್ಣ ಸರಾಸರಿಯ ಎರಡರಷ್ಟು ಇರುವ ಸಾಲುಗಳನ್ನು ಹುಡುಕಿ, ಔಟ್‌ಲೈನ್ ಚಿತ್ರದಲ್ಲಿ ಅದೇ ಸಂಖ್ಯೆಯ ಕಾಳು ನೋಡಿ. ನನ್ನ 96 ಚಿತ್ರಗಳಲ್ಲಿ ಹಾಗೆ ಸಿಕ್ಕ ಜೋಡಿಗಳೆಲ್ಲ ಒಂದೇ ದಿನ ಅವಸರದಲ್ಲಿ ಹರಡಿದ ಸ್ಕ್ಯಾನ್‌ಗಳವು. ಆ ಒಂದು ದಿನದ ಕಾಳುಗಳನ್ನು ಮತ್ತೆ ಗಾಜಿನ ಮೇಲೆ ಸುರಿದು, ಕಡ್ಡಿಯಿಂದ ಸರಿಸಿ, ಹೊಸದಾಗಿ ಸ್ಕ್ಯಾನ್ ಮಾಡಿ, ಅದೇ ಮ್ಯಾಕ್ರೋ ಓಡಿಸಿದೆ. ಒಂದು ಸಾಲೂ ಬದಲಿಸಬೇಕಾಗಲಿಲ್ಲ. ಆ ಡಾಟ್ ಐಜೆಎಂ ಫೈಲಿನ ಒಂದು ನಕಲು ಈಗಲೂ ಉತ್ತರಗಳ ಫೋಲ್ಡರಿನಲ್ಲೇ, ಸಿಎಸ್‌ವಿ ಫೈಲುಗಳ ಪಕ್ಕದಲ್ಲಿದೆ. ನೀವೂ ಅಲ್ಲೇ ಇಡಿ.